ಹಳೇ ಮ್ಯಾಸಿ 1035 ಟ್ರ್ಯಾಕ್ಟರಿಗೆ ಎನಾಮಲ್ ಹೊಡಿಬೇಕೋ, ಪಿಯು ಹೊಡಿಬೇಕೋ?

ಜಮಖಂಡಿ_ಗಾಲಿ:
1970ರ ದಶಕದ ಮ್ಯಾಸಿ ಫರ್ಗುಸನ್ 1035. ಎಂಜಿನ್ ಕೆಲಸ ಮುಗದೈತಿ. ಬಾನೆಟ್, ಮಡ್‌ಗಾರ್ಡ್ ಮ್ಯಾಲೆ ಮೂರು-ನಾಕು ಪದರ ಹಳೇ ಬಣ್ಣ, ಅದರ ಕೆಳಗ ಜಂಗು. ಖಂಡೇ ಪೂಜೆಗೆ (ಆಯುಧ ಪೂಜೆಗೆ) ತಯಾರಾಗಬೇಕು. ಪೇಂಟರ್ ರೆಡ್ ಆಕ್ಸೈಡ್ ಪ್ರೈಮರ್ ಹೊಡದು ಮ್ಯಾಲೆ ಪಿಯು (ಪಾಲಿಯುರೆಥೇನ್, ಹಾರ್ಡನರ್ ಕಲಸಿ ಹೊಡಿಯೂ ಬಣ್ಣ) ಕೊಡ್ತೀನಿ ಅಂತಾನ. ಸರಿ ಐತೇನ್ರಿ?

ಎರಿಹೊಲ_ವಿಜಯಪುರ:
ಇಲ್ರಿ. ಅಂಗಡ್ಯಾಗ ಸಿಗೂ ಸಾದಾ ರೆಡ್ ಆಕ್ಸೈಡ್ ಮ್ಯಾಲೆ ಪಿಯು ಹೋದ್ರ ಅದರ ಕಡಕ್ ತಿನ್ನರ್ ಪ್ರೈಮರನ್ನ ಮೆತ್ತಗ ಮಾಡಿ ಎಬ್ಬಸತೈತಿ. ಕೆನಿ ಸುಕ್ಕುಗಟ್ಟಿದಂಗ ಕಾಣತೈತಿ, ಆಮ್ಯಾಲೆ ಎಲ್ಲಾ ಕೆರದು ಮೊದಲಿಂದ ಶುರು. ಪಿಯು ಹೊಡೆಯೂದಾದ್ರ ಕೆಳಗ ಎರಡು ಡಬ್ಬಿ ಕಲಸಿ ಹೊಡಿಯೂ ಎಪಾಕ್ಸಿ ಪ್ರೈಮರ್ ಬೇಕು. ರೆಡ್ ಆಕ್ಸೈಡೇ ಬೇಕಂದ್ರ ಮ್ಯಾಲೆ ಸಿಂಥೆಟಿಕ್ ಎನಾಮಲ್ ಹೊಡೀರಿ. ಎರಡರ ಖಿಚಡಿ ಬ್ಯಾಡ.

ಘಟಪ್ರಭಾ_ದಂಡಿ:
ನಾ ಎನಾಮಲ್ ಪರ. ಆ ಕಾಲದಾಗ ಕಾರ್ಖಾನಿಯಿಂದ ಬಂದದ್ದು ಎನಾಮಲ್ಲೇ, ಪಿಯುವಿನ ಗಾಜಿನಂಥ ಹೊಳಪು ಹಳೇ ಟ್ರ್ಯಾಕ್ಟರಿಗೆ ಒಪ್ಪಂಗಿಲ್ಲ. ಹೊಲದಾಗ ಗೀರು ಬಿದ್ರ ಬ್ರಶ್‌ನಿಂದ ತೇಪಿ ಹಾಕಬಹುದು. ಪಿಯು ತೇಪಿ ಕಣ್ಣಿಗೆ ಹೊಡೀತೈತಿ.

ಎರಿಹೊಲ_ವಿಜಯಪುರ:
ಹೊಳಪಿನ ಮಾತು ಒಪ್ಪಿದೆ. ಆದ್ರ ಡೀಸೆಲ್ ತುಂಬುವಾಗ ಟ್ಯಾಂಕ್ ಬಾಯಿಯ ಸುತ್ತ ಚೆಲ್ಲೇ ಚೆಲ್ಲತೈತಿ. ಸಿಂಥೆಟಿಕ್ ಎನಾಮಲ್ ಅಲ್ಲಿ ಮೆತ್ತಗಾಗಿ ಮಾಸತೈತಿ, ಪಿಯು ತಡಕೊಂತೈತಿ. ಕೆಂಪು ಬಿಸಿಲಿಗೆ ಬಿಳಚಾಗೂದೂ ಎನಾಮಲ್ಲಿನಾಗ ಬೇಗ.

ಬೆಳಗಾವಿ_ಗನ್:
ಇಬ್ಬರೂ ಮ್ಯಾಲಿನ ಪದರಕ್ಕ ಜಗಳ ಆಡಾಕತ್ತೀರಿ, ಬಣ್ಣ ಕಿತ್ತು ಬರೂದು ಕೆಳಗಿಂದ. ಮೊದಲು ಸೋರಿಕೆ ನೋಡ್ರಿ. ಹೈಡ್ರಾಲಿಕ್ ಮ್ಯಾಲಿನ ಕವರ್, ಹಿಂದಿನ ಆಕ್ಸೆಲ್ ಸೀಲು, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಬದಲಸದ ಹೊಡದ್ರ ಬಣ್ಣದ ಅಡಿಗೇ ಎಣ್ಣಿ ಹರಿದು ಪದರ ಬಿಡತೈತಿ. ಎರಕದ ಕಬ್ಬಿಣ ಎಣ್ಣಿ ಹೀರಿರತೈತಿ. ಸೀಮೆಎಣ್ಣಿ ಒಂದರಾಗ ತೊಳದ್ರ ಸಾಲದು, ಅದೂ ಎಣ್ಣಿ ಪೊರೆ ಬಿಡತೈತಿ. ಸೀಮೆಎಣ್ಣಿ ಆದಮ್ಯಾಲೆ ಬಿಸಿನೀರು-ಡಿಟರ್ಜೆಂಟ್, ಒಣಗಿದ ಮ್ಯಾಲೆ ತಿನ್ನರ್ ಬಟ್ಟಿ ಎರಡು ಸಲ. ಒಂದರಾಗ ಒರಸಿ, ಇನ್ನೊಂದು ಶುದ್ಧ ಬಟ್ಟಿಯಿಂದ ಒಣಗುವ ಮೊದಲು ಎತ್ತಬೇಕು. ಇಲ್ಲಾಂದ್ರ ಮೀನಿನ ಕಣ್ಣಿನಂಥ ತೂತು ಬೀಳತಾವು.

ಜಮಖಂಡಿ_ಗಾಲಿ:
ಬಾನೆಟ್ ಜಂಗು ತಗಿಯೂದಕ್ಕ ಸ್ಯಾಂಡ್‌ಬ್ಲಾಸ್ಟ್ (ಹವಾದ ಒತ್ತಡದಾಗ ಮರಳು ಹೊಡಸೂದು) ಮಾಡಸಲೇನ್ರಿ?

ಬೆಳಗಾವಿ_ಗನ್:
ತೆಳು ತಗಡಿಗೆ ಬ್ಯಾಡ. ಕಣಗಳ ಹೊಡೆತಕ್ಕ ಒಂದು ಮೈ ಹಿಗ್ಗಿ ಬಾನೆಟ್ ಹಪ್ಪಳದಂಗ ಡೊಂಕಾಗತೈತಿ, ಆ ತಗಡು ಮತ್ತ ಸಪಾಟಾಗಂಗಿಲ್ಲ. ಚಕ್ರದ ರಿಮ್ಮು, ಮುಂದಿನ ಆಕ್ಸೆಲ್‌ಗೆ ಆಗಬಹುದು. ಅದೂ ನದಿ ಮರಳಲ್ಲ, ಗಾರ್ನೆಟ್ ಕಲ್ಲಿನ ಪುಡಿ ಅಥವಾ ತಾಮ್ರದ ಸ್ಲ್ಯಾಗ್ (ಅದಿರು ಕರಗಿಸಿದಮ್ಯಾಲೆ ಉಳಿಯೂ ಕಿಟ್ಟ). ಸಿಲಿಕಾ ಧೂಳು ಪುಪ್ಪುಸ ತಿನ್ನತೈತಿ.

ಮುಧೋಳ_ಗಾಣ:
ಕಬ್ಬಿನ ಸೀಮ್ಯಾಗ ಕೂತು ಬ್ಲಾಸ್ಟಿಂಗ್ ಚಿಂತಿ ಯಾಕ್ರಿ? ದನದ ಮೇವಿಗೆ ಹಾಕೂ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು. ಬಾನೆಟ್ ಡ್ರಮ್ಮಿನಾಗ ಹಿಡಿಯಂಗಿಲ್ಲ, ತಗ್ಗು ತೋಡಿ ತಾಡಪತ್ರಿ ಹಾಸಿ ಮುಳಗಸ್ರಿ. ಎರಡರಿಂದ ಮೂರು ವಾರದಾಗ ಜಂಗು ಕರಗತೈತಿ, ಒಳ್ಳೇ ಕಬ್ಬಿಣಕ್ಕ ಧಕ್ಕಿ ಇಲ್ಲ. ಆದ್ರ ಬಣ್ಣ, ಗ್ರೀಸ್ ಮೊದಲೇ ತಗದಿರಬೇಕು, ಅವುಗಳ ಕೆಳಗ ಕಾಕಂಬಿ ಕೆಲಸ ಮಾಡಂಗಿಲ್ಲ. ಅಲ್ಯೂಮಿನಿಯಂ, ಜಸ್ತದ ಭಾಗ ಹಾಕಬ್ಯಾಡ್ರಿ, ಕರಗಿ ಹೋಗತಾವು. ವಾಸನಿ ಮಾತ್ರ… ಮನಿ ಮಗ್ಗಲ ತೋಡಬ್ಯಾಡ್ರಿ.

ಘಟಪ್ರಭಾ_ದಂಡಿ:
ಇದರ ಕಷ್ಟ ಹೊರಗ ತಗದಮ್ಯಾಲೆ. ತೊಳದ ತಗಡು ಒಂದೆರಡು ತಾಸಿನಾಗ ಕೇಸರಿ ಬಣ್ಣಕ್ಕ ತಿರಗತೈತಿ. ಅಂದೇ ಒಣಗಿಸಿ, 180 ನಂಬರ್ ಉಜ್ಜುಕಾಗದದಾಗ ತಿಕ್ಕಿ ಪ್ರೈಮರ್ ಬೀಳಬೇಕು.

ಎರಿಹೊಲ_ವಿಜಯಪುರ:
ಫಾಸ್ಫಾರಿಕ್ ಆಸಿಡ್ಡಿನ ಜಂಗು ಕನ್ವರ್ಟರ್ ಹಚ್ಚೋರಿಗೂ ಒಂದು ಮಾತು. ಅದರ ಉಳಕಿ ತೊಳೀದ ಎಪಾಕ್ಸಿ ಹೊಡದ್ರ ಹಿಡಿಯಂಗಿಲ್ಲ.

ಜಮಖಂಡಿ_ಗಾಲಿ:
ಬೆಳಗಾವಿ_ಗನ್ ಅವರ, ಪ್ರಮಾಣ ಹೇಳ್ರಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಸಿಗತೈತಿ.

ಬೆಳಗಾವಿ_ಗನ್:
ಅದರ ಟ್ಯಾಂಕಿನಾಗ ನೀರು, ಎಣ್ಣಿ ಎರಡೂ ಇರತಾವು. ಮೊದಲು ಕೆಳಗಿನ ನಲ್ಲಿ ಬಿಚ್ಚಿ ಖಾಲಿ ಮಾಡ್ರಿ, ಗನ್ನಿನ ಮುಂದ ನೀರು ಹಿಡಿಯೂ ಫಿಲ್ಟರ್ ಹಾಕ್ರಿ. ಪ್ರೈಮರ್‌ಗೆ 1.6ರಿಂದ 1.8 ಮಿ.ಮೀ. ನಾಜಲ್, ಬಣ್ಣಕ್ಕ 1.3 ಅಥವಾ 1.4. ಮಾಮೂಲಿ ಗನ್ನಿಗೆ ಟ್ರಿಗರ್ ಒತ್ತಿದಾಗ 35-45 ಪಿಎಸ್‌ಐ ಹವಾ ಒತ್ತಡ. ಪಿಯುಗೆ ಸಾಮಾನ್ಯವಾಗಿ ನಾಕು ಪಾಲು ಬಣ್ಣ, ಒಂದು ಪಾಲು ಹಾರ್ಡನರ್. ಆದ್ರ ಡಬ್ಬಿಯ ಮ್ಯಾಲೆ ಬರದದ್ದೇ ಕೊನೆ ಮಾತು. ತಗಡಿನ ಕೆಂಪಿಗೆ ಎರಡು, ಎಂಜಿನ್ ಬೂದಿ ಬಣ್ಣಕ್ಕ ಎರಡು ಲೀಟರ್ ತಂದ್ರ ಉಳಿಬಹುದು, ಕಡಿಮಿ ಬೀಳಂಗಿಲ್ಲ. ಕೆಂಪು ಮುಚ್ಚೂ ಶಕ್ತಿ ಕಡಿಮಿ. ಒಂದು ಕಡೆ ಬೂದು ಪ್ರೈಮರ್, ಇನ್ನೊಂದು ಕಡೆ ಕೆಂಪು ಪ್ರೈಮರ್ ಇದ್ರ ಬಾನೆಟ್ ಒಂದು ಬಣ್ಣ, ಮಡ್‌ಗಾರ್ಡ್ ಇನ್ನೊಂದು ಬಣ್ಣ ಕಾಣತಾವು.

ಮುಧೋಳ_ಗಾಣ:
ಹವಾ ನೋಡ್ರಿ. ಖಾನಾಪುರ ಕಡೆ ಶ್ರಾವಣದ ಜಿಟಿಜಿಟಿ, ವಿಜಯಪುರದಾಗ ಗಾಳಿ ಜೊತಿ ಎರಿ ಧೂಳು. ಜಮಖಂಡ್ಯಾಗ ಮುಂಜಾನಿ ಇಬ್ಬನಿ ಆರಿದಮ್ಯಾಲೆ, ತಗಡು ಕಾಯೂ ಮೊದಲು ಹೊಡೀರಿ. ಬಿಸಿಲಾಗ ಕಾದ ತಗಡಿಗೆ ಹೊಡದ್ರ ತಿನ್ನರ್ ಗಾಳ್ಯಾಗೇ ಹಾರಿ ಬಣ್ಣ ಒರಟಾಗಿ ಕೂಡತೈತಿ, ಇಲ್ಲಾ ಗುಳ್ಳಿ ಒಡೀತಾವು. ನೆಲಕ್ಕ ನೀರು ಚಿಮುಕಿಸಿದ್ರ ಧೂಳು ಏಳಂಗಿಲ್ಲ, ಆದ್ರ ಮಡುವು ಮಾಡಬ್ಯಾಡ್ರಿ. ಗಾಳಿ ಹಸಿ ಆದ್ರ ಪಿಯು ಮಂಕಾಗತೈತಿ.

ಘಟಪ್ರಭಾ_ದಂಡಿ:
ಯಾರೂ ಹೇಳದ ಒಂದು ಮಾತು. ಪಿಯು ಹಾರ್ಡನರಿನಾಗ ಐಸೊಸೈನೇಟ್ ಅನ್ನೂ ರಾಸಾಯನಿಕ ಐತಿ. ಮೂಗಿಗೆ ಟವೆಲ್ ಸುತ್ತಿಕೊಂಡು ಹೊಡ್ಯೂದು ಮೂರ್ಖತನ. ಒಮ್ಮೆ ಮೈಗೆ ಆಗಿಬರದಂಗಾದ್ರ ಸ್ವಲ್ಪ ವಾಸನಿಗೂ ದಮ್ಮು ಹಿಡೀತೈತಿ. ಹೊರಗಿನ ಶುದ್ಧ ಗಾಳಿ ಕೊಡೂ ಮಾಸ್ಕ್ ಇಲ್ಲದ ಪೇಂಟರಿಗೆ ಪಿಯು ಕೊಡಬ್ಯಾಡ್ರಿ. ಇದಕ್ಕೂ ನಾ ಎನಾಮಲ್ ಅಂದದ್ದು, ಬರೇ ಹೊಳಪಿಗಲ್ಲ.

ಎರಿಹೊಲ_ವಿಜಯಪುರ:
ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ಎನಾಮಲ್ಲಿಗೆ ಹಾಕೂ ಹಾರ್ಡನರ್‌ನಾಗೂ ಐಸೊಸೈನೇಟ್ ಇರತೈತಿ, ಅದನ್ನ ಸಾದಾ ಎನಾಮಲ್ ಅಂತ ತಿಳಿಬ್ಯಾಡ್ರಿ.

ಜಮಖಂಡಿ_ಗಾಲಿ:
ಪೇಂಟರ್ ಹತ್ರ ಅಂಥ ಮಾಸ್ಕ್ ಇಲ್ಲ. ಸಾದಾ ಎನಾಮಲ್ಲೇ ಗಟ್ಟಿ ಮಾಡಿದೆ. ಕೆಂಪು ಯಾವ ಶೇಡ್? ಇನ್ನೊಬ್ಬರು 35ಕ್ಕ ಬೂದಿ ಬಾನೆಟ್ಟೇ ಮೂಲ ಬಣ್ಣ ಅಂತಾರ.

ಬೆಳಗಾವಿ_ಗನ್:
ಅವರು ಹೇಳೂದು 1956ರ ಫರ್ಗುಸನ್ 35. ಅದಕ್ಕ ಬೂದಿ ತಗಡು, ಬಂಗಾರ ಬಣ್ಣದ ಎಂಜಿನ್. 1957ರ ಕೊನಿಯಿಂದ ಮ್ಯಾಸಿ ಫರ್ಗುಸನ್ 35 ಆದಾಗ ಕೆಂಪು ತಗಡು, ಬೂದಿ ಎಂಜಿನ್. ನಿಮ್ಮ 1035ಕ್ಕ ಕೆಂಪೇ. ಶೇಡಿಗೆ ಬಾನೆಟ್ ಮ್ಯಾಲ್ಮೈ ನೋಡಬ್ಯಾಡ್ರಿ, ಅದು ಬಿಸಿಲಿಗೆ ಬೆಂದೈತಿ. ಮೀಟರ್ ಪ್ಯಾನಲ್ ಹಿಂದ ಅಥವಾ ಟ್ಯಾಂಕ್ ಪಟ್ಟಿ ಅಡಿಗೆ ಕಾರ್ಖಾನಿ ಬಣ್ಣ ಉಳದಿರತೈತಿ, ಆ ತುಂಡನ್ನ ಅಂಗಡಿಗೆ ಒಯ್ಯಿರಿ.

ಘಟಪ್ರಭಾ_ದಂಡಿ:
ಎರಡನೇ ಕೋಟ್ ಅವಸರದಾಗ ಹೊಡೀಬ್ಯಾಡ್ರಿ. ಮೊದಲನೇದು ಅರೆ ಒಣಗಿದ್ದಾಗ ಬಿದ್ರ ಎನಾಮಲ್ ಸುಕ್ಕುಗಟ್ಟತೈತಿ. ಎಷ್ಟು ತಾಸು ಬಿಡಬೇಕಂತ ಡಬ್ಬಿ ಮ್ಯಾಲೆ ಐತಿ. ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ತಿನ್ನರ್ ಮುಟ್ಟಸಬ್ಯಾಡ್ರಿ, ಟರ್ಪೆಂಟೈನ್ ಸಾಕು. ರೇಡಿಯೇಟರ್ ರೆಕ್ಕಿಗೆ ದಪ್ಪ ಬಣ್ಣ ಬ್ಯಾಡ, ಎಂಜಿನ್ ಕಾಯತೈತಿ. ಸೈಲೆನ್ಸರ್ ಮ್ಯಾನಿಫೋಲ್ಡಿಗೆ ಸಾದಾ ಎನಾಮಲ್ ಹೊಡದ್ರ ಮೊದಲ ದಿನವೇ ಸುಟ್ಟು ಹೋಗತೈತಿ, ಶಾಖ ತಡಿಯೂ ಸಿಲಿಕಾನ್ ಬಣ್ಣ ಬೇಕು. ನಂಬರ್ ಪ್ಲೇಟ್, ಗ್ರೀಸ್ ನಿಪ್ಪಲ್, ರಬ್ಬರ್ ಪೈಪಿಗೆ ಟೇಪ್ ಸುತ್ತ್ರಿ.

ಮುಧೋಳ_ಗಾಣ:
ಬ್ಯಾಟರಿ ಕೂಡೂ ತಟ್ಟಿ ಬಿಟ್ಟಿರಿ. ಆಸಿಡ್ ಹನಿಗೆ ಎನಾಮಲ್ ನಿಲ್ಲಂಗಿಲ್ಲ. ಅದಕ್ಕೊಂದಕ್ಕ ಎಪಾಕ್ಸಿ ಬ್ರಶ್‌ನಿಂದ ಎರಡು ಕೈ ಹಚ್ಚಿ, ಬ್ಯಾಟರಿ ಅಡಿಗೆ ರಬ್ಬರ್ ಚಾಪಿ ಇಡ್ರಿ.