ಕೊರಕಲಿಗೆ ಸೊಪ್ಪಿನ ಹೊರೆ ಸಾಕಾ, ಕಲ್ಲೇ ಬೇಕಾ?

ಶಿರಾ ರೈತ: ನಮ್ಮದು ಎರಡೆಕರೆ ಇಳಿಜಾರು ಹೊಲ. ಶೇಂಗಾ ಹಾಕುತ್ತೇವೆ. ಮೂರು ವರ್ಷದ ಹಿಂದೆ ಅಂಚಿನಲ್ಲಿ ಗೇಣುದ್ದ ಆಳದ ಕೊರಕಲಿತ್ತು. ಈಗ ಒಳಗೆ ನಿಂತರೆ ಮೊಣಕಾಲು ಮುಚ್ಚುತ್ತದೆ. ಕಲ್ಲು ತರಿಸಲು ಟ್ರ್ಯಾಕ್ಟರ್ ಬಾಡಿಗೆ ಜಾಸ್ತಿ. ಬೇಲಿ ಸವರಿದ ಲಕ್ಕಿ, ಲಂಟಾನ ರಾಶಿ ಬಿದ್ದಿದೆ. ಅದನ್ನೇ ಹೊರೆ ಕಟ್ಟಿ ಅಡ್ಡ ಹಾಕಿದರೆ ಮಣ್ಣು ನಿಲ್ಲುತ್ತದಾ?

ಸಿವಿಲ್ ಇಂಜಿನಿಯರ್: ನಿಲ್ಲುವುದಿಲ್ಲ ಸರ್. ಒಂದು ಜೋರು ಮಳೆ ಬಂದರೆ ಕಿತ್ತುಕೊಂಡು ಹೋಗುತ್ತದೆ. ಉಳಿದರೂ ಗೆದ್ದಲು ಬಿಡುವುದಿಲ್ಲ. ಸಾಲ ಮಾಡಿಯಾದರೂ ಕಲ್ಲು ಹಾಕಿಸಿ.

ಜಲಾನಯನ ಕಾರ್ಯಕರ್ತೆ: ಇಷ್ಟು ಚಿಕ್ಕ ಕೊರಕಲಿಗೆ ಸಾಲ ಯಾಕೆ? ಹೊರೆಯ ಕೆಲಸ ನೀರನ್ನು ನಿಲ್ಲಿಸುವುದಲ್ಲ, ಅದರ ಓಟ ತಗ್ಗಿಸುವುದು. ಓಟ ತಗ್ಗಿದರೆ ಮಣ್ಣು ಅಲ್ಲೇ ಕೂರುತ್ತದೆ. ಕಿತ್ತು ಹೋಗುವುದು ಸುಮ್ನೆ ಮೇಲಿಟ್ಟಾಗ. ನಾನು ಮೊದಲು ಹಾಕಿದಾಗ ಹೊರೆ ಗಟ್ಟಿಯಾಗಿಯೇ ಇತ್ತು, ತುದಿಗಳನ್ನು ಮಾತ್ರ ದಡದೊಳಗೆ ಹೂತಿರಲಿಲ್ಲ. ನೀರು ಪಕ್ಕದಿಂದ ಸುತ್ತಿ ಹೋಗಿ ಇನ್ನೊಂದು ಕೊರಕಲನ್ನೇ ಕೊರೆಯಿತು. ಆ ಹೊಲದವರ ಮುಖ ಇನ್ನೂ ಕಣ್ಣ ಮುಂದಿದೆ.

ಹಾಗಾಗಿ ಮೊದಲು ಕೊರಕಲಿಗೆ ಅಡ್ಡಲಾಗಿ ಅರ್ಧ ಅಡಿ ಆಳದ ಕಾಲುವೆ ತೆಗೆಯಿರಿ. ಹೊರೆಯನ್ನು ಬಿಗಿಯಾಗಿ ಕಟ್ಟಿ ಅದರಲ್ಲಿ ಕೂರಿಸಿ, ಕೆಳಗೆ ಸಂದು ಇರಬಾರದು. ಎರಡೂ ತುದಿ ದಡದೊಳಗೆ ಒಂದೂವರೆ ಅಡಿ ಹೋಗಲಿ. ಗೂಟ ಹೊಡೆದು ತಂತಿ ಬಿಗಿಯಿರಿ. ನಡುಭಾಗ ತುದಿಗಳಿಗಿಂತ ತಗ್ಗಿರಲಿ, ನೀರು ಅಲ್ಲಿಂದಲೇ ದಾಟಬೇಕು. ದಾಟಿ ಬೀಳುವ ಜಾಗಕ್ಕೆ ಸೊಪ್ಪುಸದೆ ಹಾಸಿ ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ಬುಡವೇ ಕೊರೆಯುತ್ತದೆ. ಇಂಥ ತಡೆಗಳನ್ನು ಒಂದರ ಕೆಳಗೊಂದು ಹಾಕುವಾಗ, ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಷ್ಟು ಅಂತರ ಸಾಕು.

ನೆದರ್ಲೆಂಡ್ಸ್ ಕನ್ನಡಿಗ: ಇಲ್ಲಿ ನದಿ, ಸಮುದ್ರದ ತಳ ಕೊರೆಯದಂತೆ ವಿಲೋ ಮರದ ಕಡ್ಡಿಗಳನ್ನು ಹೊರೆ ಕಟ್ಟಿ ದೊಡ್ಡ ಚಾಪೆಯಂತೆ ಹೆಣೆಯುತ್ತಾರೆ. ನೀರಿನ ಮೇಲೆ ತೇಲಿಸಿಕೊಂಡು ಹೋಗಿ, ಕಲ್ಲು ಹೇರಿ ಮುಳುಗಿಸುತ್ತಾರೆ. 19ನೇ ಶತಮಾನದಲ್ಲಿ ಡಚ್ ಇಂಜಿನಿಯರ್‌ಗಳು ಈ ವಿದ್ಯೆಯನ್ನು ಜಪಾನಿಗೂ ಒಯ್ದರು. ಇಂಗ್ಲೆಂಡಿನ ಚಾಟ್ ಮಾಸ್ ಎಂಬ ಜೌಗಿನ ಮೇಲೆ ಜಾರ್ಜ್ ಸ್ಟೀಫನ್‌ಸನ್ ಸೊಪ್ಪುಕಡ್ಡಿ ಹಾಸಿ ರೈಲು ದಾರಿ ತೇಲಿಸಿದರು. 1830ರಲ್ಲಿ ಶುರುವಾದ ಆ ದಾರಿಯಲ್ಲಿ ಈಗಲೂ ರೈಲು ಓಡುತ್ತದೆ. ಕಡ್ಡಿ ಎಂದರೆ ಕ್ಷಣಿಕ ಅನ್ನಬೇಡಿ.

ಸಿವಿಲ್ ಇಂಜಿನಿಯರ್: ಒಪ್ಪಿದೆ. ಆದರೆ ಅಲ್ಲಿ ಕಡ್ಡಿ ಸದಾ ಒದ್ದೆಯಲ್ಲೇ ಇರುತ್ತದೆ. ಗಾಳಿ ಸೋಕದಿದ್ದರೆ ಮರ ಕೊಳೆಯುವುದು ಬಹಳ ನಿಧಾನ. ಶಿರಾದಲ್ಲಿ ಮಳೆ ಬಂದಾಗಷ್ಟೇ ಒದ್ದೆ, ಉಳಿದದ್ದು ಬಿಸಿಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಮಡಿಕೇರಿಯಿಂದ: ಕೊಡಗಿನ ಗುಡ್ಡಕ್ಕೆ ಇದು ಆಗುತ್ತದಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೆನೆದರೆ ಇನ್ನೂ ನಿದ್ದೆ ಬರುವುದಿಲ್ಲ.

ಜಲಾನಯನ ಕಾರ್ಯಕರ್ತೆ: ಇಲ್ಲ ಅಣ್ಣಾ, ಸುಳ್ಳು ಧೈರ್ಯ ಹೇಳಲಾರೆ. ಹೊರೆ ಹಿಡಿಯುವುದು ಮೇಲಿನ ಮಣ್ಣನ್ನು ಮಾತ್ರ. ಇಡೀ ಗುಡ್ಡವೇ ಜಾರಿದರೆ ಅದರ ಜೊತೆ ಹೊರೆಯೂ ಹೋಗುತ್ತದೆ. ರಸ್ತೆಗಾಗಿ ಕಡಿದ ಸಣ್ಣ ಬದಿಯ ಮಣ್ಣು ಉದುರುತ್ತಿದ್ದರೆ ಹಾಕಬಹುದು, ಅಷ್ಟೇ.

ಇಂಜಿನಿಯರ್ ಸರ್, ಗೆದ್ದಲಿನ ಮಾತು ನಿಜ. ಅದಕ್ಕೇ ಹಸಿ ಲಕ್ಕಿ ಬೇಕು ಎನ್ನುವುದು. ಮುಂಗಾರಿಗೆ ಹೂತರೆ ಗೂಟಗಳೇ ಚಿಗುರುತ್ತವೆ. ಹೊರೆ ಪುಡಿಯಾಗುವಷ್ಟರಲ್ಲಿ ಬೇರು ಮಣ್ಣು ಹಿಡಿದಿರುತ್ತದೆ. ಆಡು ಕುರಿಯೂ ಲಕ್ಕಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಲಂಟಾನವನ್ನು ಮಾತ್ರ ಪೂರ್ತಿ ಒಣಗಿಸಿ, ಕಾಯಿ ಉದುರಿಸಿ ಹಾಕಿ. ಹಸಿಯಾಗಿ ಹೂತರೆ ಹೊಲ ತುಂಬಾ ಅದೇ.

ಸಿವಿಲ್ ಇಂಜಿನಿಯರ್: ಹಾಗಾದರೆ ಮೇಲಿನ ಸಣ್ಣ ಭಾಗಕ್ಕೆ ಲಕ್ಕಿ ಹೊರೆ ಸರಿ. ಕೆಳಗೆ ನೀರೆಲ್ಲ ಸೇರುವ ಕಡೆ ಒಂದಾದರೂ ಕಲ್ಲಿನ ತಡೆ ಇರಲಿ. ಇದನ್ನು ಬಿಟ್ಟುಕೊಡಲಾರೆ. ಅಂದಹಾಗೆ, ಕೊರಕಲಿನ ತಲೆಗೆ ನೀರು ಎಲ್ಲಿಂದ ಬರುತ್ತಿದೆ?

ಶಿರಾ ರೈತ: ಈಗ ಹೋಗಿ ನೋಡಿ ಬಂದೆ ಸರ್. ಮೇಲಿನ ಬದು ಒಂದು ಕಡೆ ದನ ಓಡಾಡಿ ತಗ್ಗಾಗಿದೆ. ದಾರಿಯ ನೀರೆಲ್ಲ ಅಲ್ಲಿಂದಲೇ ಇಳಿಯುತ್ತಿದೆ. ಮೊದಲು ಬದು ಏರಿಸುತ್ತೇನೆ. ಲಕ್ಕಿ ಕಡಿಯುವುದು ಮಳೆ ಹಿಡಿದ ಮೇಲೆ.