ಒಥೆಲೊ ಹೇಳುವುದು ಕಾರಣವೋ ನೆಪವೋ?

ಎಲ್ಲರಿಗೂ ನಮಸ್ಕಾರ. ನಾಟಕವೊಂದನ್ನು ಕನ್ನಡಕ್ಕೆ ತರುತ್ತಾ ಒಂದೇ ಒಂದು ಪದಕ್ಕೆ ಸಿಕ್ಕಿಕೊಂಡು ನಾಲ್ಕು ದಿನವಾಯಿತು.

ಶೇಕ್ಸ್‌ಪಿಯರನ ‘ಒಥೆಲೊ’, ಐದನೇ ಅಂಕ, ಎರಡನೇ ದೃಶ್ಯ. ಒಥೆಲೊನ ಹೆಂಡತಿ ಡೆಸ್ಡಿಮೋನಾ ಮಲಗಿದ್ದಾಳೆ. ಅವಳು ತನಗೆ ಮೋಸ ಮಾಡಿದಳೆಂದು ನಂಬಿ, ಕೊಲ್ಲಲೆಂದು ದೀಪ ಹಿಡಿದು ಒಳಬಂದ ಒಥೆಲೊ ತನ್ನ ಆತ್ಮಕ್ಕೆ ಹೇಳಿಕೊಳ್ಳುವ ಮಾತಿನಲ್ಲಿ ‘ಕಾಸ್’ (cause) ಎಂಬ ಇಂಗ್ಲಿಷ್ ಪದ ಮೂರು ಸಲ ಬರುತ್ತದೆ. ಅದೇನೆಂದು ಮಾತ್ರ ಬಾಯಿಬಿಡುವುದಿಲ್ಲ. ನಕ್ಷತ್ರಗಳ ಮುಂದೆ ಅದರ ಹೆಸರೆತ್ತಬಾರದಂತೆ. ನಾನು ‘ಕಾರಣ’ ಎಂದು ಬರೆದೆ. ತಾಲೀಮಿನಲ್ಲಿ ಒಥೆಲೊ ಪಾತ್ರದ ಹುಡುಗ ಅದನ್ನೇ ಮೂರು ಸಲ ಅಂದಾಗ ರಜೆ ಅರ್ಜಿ ಓದಿದ ಹಾಗಿತ್ತು.

ಇಂಗ್ಲಿಷಿನ ಆ ಪದದೊಳಗೆ ಕೋರ್ಟಿನ ದಾವೆಯೂ ಅಡಗಿದೆ. ಹಾಗಾಗಿ ನಮ್ಮ ‘ವ್ಯಾಜ್ಯ’ ನೆನಪಾಯಿತು. ಸಂಸ್ಕೃತದ ‘ವ್ಯಾಜ’ ಎಂದರೆ ನೆಪ, ಸೋಗು. ‘ನಿರ್ವ್ಯಾಜ ಪ್ರೀತಿ’ಯಲ್ಲಿರುವುದು ಅದೇ. ‘ಸಬೂಬು’ ಇನ್ನೂ ತಮಾಷೆ: ಉರ್ದುವಿನಲ್ಲಿ ‘ಸಬಬ್’ ಅಂದರೆ ಕಾರಣ, ಕನ್ನಡಕ್ಕೆ ಬರುವಷ್ಟರಲ್ಲಿ ಪಿಳ್ಳೆನೆವ. (ನಮ್ಮವರು ಎಷ್ಟು ಕಾರಣ ಕೇಳಿ ಬೇಸತ್ತಿದ್ದರೋ!)

ಒಥೆಲೊನ ತಲೆಯಲ್ಲಿ ಈ ಸಂಶಯ ಬಿತ್ತಿದ ಇಯಾಗೊಗಾದರೆ ‘ಸಬೂಬು’ ಹೇಳಿ ಮಾಡಿಸಿದಂತಿದೆ. ತನ್ನ ಹೆಂಡತಿಗೂ ಒಥೆಲೊಗೂ ಸಂಬಂಧವಿತ್ತೆಂಬ ಗಾಳಿಸುದ್ದಿ ನಿಜವೋ ಸುಳ್ಳೋ ಗೊತ್ತಿಲ್ಲ, ಆದರೂ ನಿಜವೆಂದೇ ನಡೆದುಕೊಳ್ಳುತ್ತೇನೆ ಎಂದು ಮೊದಲ ಅಂಕದಲ್ಲೇ ಅಂದುಬಿಡುತ್ತಾನೆ. ಒಥೆಲೊ ಹಾಗಲ್ಲ, ತನ್ನ ನೆಪವನ್ನು ತಾನೇ ನಂಬಿದವನು. ಇವಳು ಬದುಕಿದರೆ ಇನ್ನಷ್ಟು ಗಂಡಸರಿಗೆ ಮೋಸ ಮಾಡುತ್ತಾಳೆ ಎನ್ನುತ್ತಾನೆ. ಅವಳ ಪ್ರಿಯಕರನೆಂದು ಅವನು ಶಂಕಿಸಿದ ಕ್ಯಾಸಿಯೋಗೆ ನಾನೇನೂ ಕೊಟ್ಟಿಲ್ಲ ಎಂದು ಅವಳು ಅಂದರೆ, ಬಲಿ ಅಂದುಕೊಂಡಿದ್ದನ್ನು ಕೊಲೆ ಅನ್ನುವ ಹಾಗೆ ಮಾಡಿದೆಯಲ್ಲ ಎಂದು ಅವಳ ಮೇಲೇ ರೇಗುತ್ತಾನೆ! ಅವಳದೇನೂ ತಪ್ಪಿರಲಿಲ್ಲವೆಂದು ಬಯಲಾದ ಮೇಲೂ, ಬೇಕಾದರೆ ‘ಮಾನವಂತ ಕೊಲೆಗಾರ’ ಅನ್ನಿ, ದ್ವೇಷದಿಂದ ಏನೂ ಮಾಡಲಿಲ್ಲ ಎನ್ನುತ್ತಾನೆ.

ನನ್ನ ಪ್ರಶ್ನೆ ಇಷ್ಟು. ‘ಸಮಜಾಯಿಷಿ’ ಕೊಡುವುದು ಎದುರಿನವರಿಗೆ. ತನಗೆ ತಾನೇ ಕೊಟ್ಟುಕೊಂಡು ನಂಬಿಬಿಟ್ಟ ಸಮಜಾಯಿಷಿಗೆ ನಿಮ್ಮ ಕಡೆ ಏನನ್ನುತ್ತಾರೆ? ‘ನಿಮಿತ್ತ’ ಸ್ವಲ್ಪ ಹತ್ತಿರ: ‘ಮದುವೆ ನಿಮಿತ್ತ’ ಅಂದರೆ ಕಾರಣ, ‘ನಾನು ನಿಮಿತ್ತ ಮಾತ್ರ’ ಅಂದರೆ ಹೊಣೆ ಜಾರಿಸಿದ್ದು. ಆದರೆ ಹಾಸಿಗೆಯ ಪಕ್ಕ ನಿಂತವನ ಬಾಯಲ್ಲಿ ಅದು ಪುರೋಹಿತರ ಮಾತಾಗುತ್ತದೆ.

ಸದ್ಯಕ್ಕೆ ನಾಮಪದವನ್ನೇ ಕೈಬಿಟ್ಟು ‘ಇದಕ್ಕೇ, ನನ್ನ ಜೀವವೇ, ಇದಕ್ಕೇ’ ಎಂದು ಬರೆದಿದ್ದೇನೆ. ಹೆಸರೆತ್ತಲಾರದವನಿಗೆ ಸರ್ವನಾಮ ಸಾಕಲ್ಲ ಎಂದು. ಹುಡುಗನ ಬಾಯಿಗೆ ಸಲೀಸಾಗಿ ಬಂತು. ಆದರೆ ದಾವೆಯ ವಾಸನೆ ಪೂರ್ತಿ ಹೋಯಿತು. ಧಾರವಾಡ, ಮಂಗಳೂರು ಕಡೆಯವರ ಮಾತಿನಲ್ಲಿ ಎರಡೂ ಹಿಡಿಸುವ ಪದ ಇದ್ದರೆ ದಯವಿಟ್ಟು ತಿಳಿಸಿ.