ಅಪ್‌ಡೇಟ್: ಕಾಲ್ಡೆರಾದ ಹಳೆಯ ಪ್ರೊಫೈಲ್‌ಗಳು ಕೊನೆಗೂ ಸರಿಹೋದವು

ಮೈಟರ್ ಸಂಸ್ಥೆಯ ಭದ್ರತಾ ಪರೀಕ್ಷೆಯ ತಂತ್ರಾಂಶ ಕಾಲ್ಡೆರಾದಲ್ಲಿ, ದಾಳಿಕೋರರ ನಡೆಯನ್ನು ಅನುಕರಿಸುವ ಹಳೆಯ ಪ್ರೊಫೈಲ್‌ಗಳನ್ನು ನನ್ನ ಸ್ಕ್ರಿಪ್ಟ್‌ನಿಂದ ನವೀಕರಿಸಿದರೆ ಒಂದು ಹೆಜ್ಜೆಯೂ ಕಾಣಿಸುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ.

ಬಂದ ಸಲಹೆಗಳಲ್ಲಿ, ಟೆಕ್ನಿಕ್ (ದಾಳಿ ವಿಧಾನ) ಸಂಖ್ಯೆ ಬದಲಿಸುವ ಮೊದಲನೆಯದು ಫಲಿಸಲಿಲ್ಲ. ಏಕೆಂದರೆ ಪ್ರೊಫೈಲ್ ಹುಡುಕುವುದು ಎಬಿಲಿಟಿಯ (ಒಂದು ಹೆಜ್ಜೆಯನ್ನು ನಡೆಸುವ ಆದೇಶದ) ಐಡಿಯನ್ನು. ಕೈಹಿಡಿದದ್ದು ಎರಡನೆಯ ಸಲಹೆ: ಪ್ರೊಫೈಲ್ ಬರೆದಿರುವ ಹಳೆಯ ಯಾಮಲ್ ಪಠ್ಯ ಕಡತದ 'ಫೇಸಸ್' (ಹಂತಗಳು) ಭಾಗವನ್ನು ತೆಗೆದು, ಅಲ್ಲಿದ್ದ ಐಡಿಗಳನ್ನು ಅದೇ ಕ್ರಮದಲ್ಲಿ 'ಅಟಾಮಿಕ್ ಆರ್ಡರಿಂಗ್' (ಹೆಜ್ಜೆಗಳ ಕ್ರಮಪಟ್ಟಿ) ಕೆಳಗೆ ಬರೆಯುವುದು. ಎಲ್ಲ ಹೆಜ್ಜೆಗಳೂ ಮರಳಿದವು. ಸೂಚಿಸಿದವರಿಗೆ ಮನಸಾರೆ ಧನ್ಯವಾದ!

ಒಂದು ಅಚ್ಚರಿ. 2020ರಲ್ಲಿ ದಾಳಿ ಟೆಕ್ನಿಕ್‌ಗಳನ್ನು ಪಟ್ಟಿ ಮಾಡುವ ಮೈಟರ್‌ನ ಅಟ್ಯಾಕ್ ಚೌಕಟ್ಟಿಗೆ ಉಪಟೆಕ್ನಿಕ್‌ಗಳು ಸೇರಿದಾಗ ಪವರ್‌ಶೆಲ್‌ನ (ವಿಂಡೋಸ್‌ನ ಆದೇಶ ಸಾಧನ) ಸಂಖ್ಯೆ ಟಿ1086 ಹೋಗಿ ಟಿ1059.001 ಬಂದಿತ್ತು. ಎಬಿಲಿಟಿಗಳಲ್ಲಿ ಹಳೆಯ ಸಂಖ್ಯೆ ಉಳಿದಿದ್ದರೆ ಪರೀಕ್ಷೆಯ ಓಟ ನಿಲ್ಲುವುದಿಲ್ಲ, ವರದಿ ಮಾತ್ರ ದಾರಿ ತಪ್ಪುತ್ತದೆ. ಸ್ಕ್ರಿಪ್ಟ್‌ನ ರೀಡ್‌ಮಿ ಟಿಪ್ಪಣಿಯಲ್ಲಿ ಐಡಿಗಳ ಪರಿಹಾರ, ಸಂಖ್ಯೆಯ ಬದಲಾವಣೆ ಎರಡನ್ನೂ ಉದಾಹರಣೆ ಸಹಿತ ದಾಖಲಿಸಿದ್ದೇನೆ.